ಮಾನ್‌ಸ್ಟರ್ ಟ್ರಕ್ ಶೋಗೆ ಅಪ್ಪ ಅಮ್ಮ ಮಕ್ಳು ಎಲ್ರನ್ನೂ ಕರ್ಕೊಂಡು ಹೋಗ್ಬಹುದಾ? ಹೋಗಿ ಬಂದವ್ರು ಹೇಳಿ

ಹಾಸನದ್ಹುಡ್ಗಿ:

ನಮಸ್ಕಾರ ಎಲ್ರಿಗೂ. ನಾವಿರೋದು ಇರ್ವಿಂಗ್‌ನಲ್ಲಿ, ಅಮೆರಿಕದ ಟೆಕ್ಸಸ್, ಡಲ್ಲಾಸ್ ಪಕ್ಕ. ಆರ್ಲಿಂಗ್ಟನ್ನಲ್ಲಿರೋ ಏಟಿ ಅಂಡ್ ಟಿ ಸ್ಟೇಡಿಯಂಗೆ ಮಾನ್‌ಸ್ಟರ್ ಜ್ಯಾಮ್ ಬರ್ತಾ ಇದೆ, ಅದೇ ಆಳೆತ್ತರ ಚಕ್ರದ ಟ್ರಕ್ಕುಗಳನ್ನ ಮಣ್ಣಲ್ಲಿ ಓಡ್ಸಿ ಹಾರ್ಸೋ ಶೋ. ನನ್ ಮಗನಿಗೆ ಐದು ವರ್ಷ, ನಮ್ಮನೇಲಿ ಬೇರೆ ಆಟದ ಸಾಮಾನೇ ಇಲ್ಲ, ಸೋಫಾ ಸಂದಿ, ಮಂಚದ ಕೆಳಗೆ, ಎಲ್ಲಿ ಕೈ ಹಾಕಿದ್ರೂ ದೊಡ್ಡ ಚಕ್ರದ್ದೊಂದು ಟ್ರಕ್ ಸಿಗುತ್ತೆ, ರಾತ್ರಿ ಕತ್ತಲಲ್ಲಿ ಅದನ್ನ ತುಳಿದವ್ರಿಗೇ ಗೊತ್ತು ಆ ಸುಖ.

ವಿಷ್ಯ ಏನಂದ್ರೆ ಈಗ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಆರು ತಿಂಗಳಿಗೆ. ಅಪ್ಪ ಕೆಎಸ್ಆರ್‌ಟಿಸಿ ಡಿಪೋಲಿ 34 ವರ್ಷ ಮೆಕ್ಯಾನಿಕ್ ಆಗಿದ್ದವ್ರು. ಇಲ್ಲಿಗೆ ಬಂದಾಗಿಂದ ಬಾಲ್ಕನೀಲಿ ಕೂತು ಕಸದ ಲಾರಿ ನೋಡೋದೇ ಕೆಲಸ, ಮಂಗಳವಾರ ಬರೋ ಲಾರಿಗೆ ಹೈಡ್ರಾಲಿಕ್ ಲೀಕ್ ಇದೆ ಅಂತ ನಂಗೆ ವರದಿ ಬೇರೆ ಕೊಟ್ರು. ನನ್ ಯಜಮಾನ್ರು ಹೇಳೋದು, ನಾನೂ ಮಗನೂ ಮಾತ್ರ ಹೋಗಿ ಬರ್ತೀವಿ, ವಯಸ್ಸಾದವ್ರಿಗೆ ಯಾಕೆ ಆ ಗಲಾಟೆ, ದುಡ್ಡು ದಂಡ ಅಂತ. ನಂಗೆ ಮನಸ್ಸು ಒಪ್ತಿಲ್ಲ. ಆದ್ರೆ ಅಪ್ಪನಿಗೆ ಒಂದು ಕಿವಿಗೆ ಮಷೀನ್ ಇದೆ, ಅಮ್ಮಂಗೆ ಮಿಕ್ಸಿ ಸದ್ದೇ ಆಗಲ್ಲ, ಮೇಲೆ ನಮ್ ಚಿಕ್ಕವಳಿಗೆ ಎಂಟು ತಿಂಗಳು. ಸದ್ದು ನಿಜ್ವಾಗ್ಲೂ ಅಷ್ಟೊಂದು ಇರುತ್ತಾ? ಎಲ್ಲಿ ಕೂತ್ರೆ ಒಳ್ಳೇದು? ಪಿಟ್ ಪಾರ್ಟಿ ಅಂತ ಬೇರೆ ಟಿಕೆಟ್ ತೋರಿಸ್ತಿದೆ, ಅದು ತಗೊಳ್ಳೋದು ವೇಸ್ಟಾ? ಊಟದ ಕಥೆ ಏನು? ಇನ್ನೊಂದು, ಟ್ರಕ್ ಜನರ ಮೇಲೆ ಬಂದು ಬಿದ್ರೆ ಅಂತ ಅಮ್ಮ ಕೇಳ್ತಿದ್ದಾರೆ, ನಗಬೇಡಿ, ನಂಗೂ ಸ್ವಲ್ಪ ಭಯ ಇದೆ.

ಟೈರ್‌ಪಂಕ್ಚರ್:

ನಾಲ್ಕು ಸಲ ಹೋಗಿದೀನಿ, ಎರಡು ಮಕ್ಳು, ಅದ್ರಲ್ಲಿ ಒಂದ್ಸಲ ನಮ್ ಮಾವನೂ ಇದ್ರು. ಟಿಕೆಟ್ ತಗೊಳ್ಳೋಕೆ ಮುಂಚೆ ಮಗನನ್ನ ಒಂದು ಪ್ರಶ್ನೆ ಕೇಳಿ, ನಿಂಗೆ ಯಾವ ಟ್ರಕ್ ಇಷ್ಟ ಅಂತ. ನಗ್ತೀರೇನೋ ಆದ್ರೆ ನಾನು ಇದ್ರಲ್ಲೇ ಏಮಾರಿದ್ದು. ಶೋ ಎರಡು ಥರ ಇದೆ. ಗ್ರೇವ್ ಡಿಗ್ಗರ್, ಮ್ಯಾಕ್ಸ್-ಡಿ, ಕೊಂಬಿರೋ ಎಲ್ ಟೋರೋ ಲೋಕೋ, ಶಾರ್ಕ್ ಥರ ಇರೋ ಮೆಗಲೊಡಾನ್, ಇವೆಲ್ಲ ಮಾನ್‌ಸ್ಟರ್ ಜ್ಯಾಮ್‌ನವು. ಬೋನ್ ಶೇಕರ್, ಟೈಗರ್ ಶಾರ್ಕ್, ಡೈನೋಸಾರ್ ಮುಖದ ಮೆಗಾ ರೆಕ್ಸ್, ಬಿಗ್‌ಫುಟ್, ಇವು ಹಾಟ್ ವೀಲ್ಸ್‌ನವ್ರ ಶೋದು, ಅದು ಬೇರೆ ಕಂಪನಿ ಬೇರೆ ಟಿಕೆಟ್, ಅದ್ರಲ್ಲಿ ಲೈಟ್ ಆರ್ಸಿ ಹೊಳೆಯೋ ಥರ ಎಲ್ಲ ಮಾಡ್ತಾರೆ. ಅಂಗಡೀಲಿ ಎರಡೂ ಅಕ್ಕಪಕ್ಕ ನೇತಾಕಿರ್ತಾರೆ, ಮಕ್ಳಿಗೆ ಎಲ್ಲ ಒಂದೇ. ನಮ್ಮವನು ಇಡೀ ಶೋ ಮೆಗಾ ರೆಕ್ಸ್ ಯಾವಾಗ ಬರುತ್ತೆ ಯಾವಾಗ ಬರುತ್ತೆ ಅಂತ ಕೇಳಿ ಕೇಳಿ ಕೊನೇಗೆ ಅತ್ಕೊಂಡೇ ಮಲಗಿದ.

ಗ್ರೇವ್ ಡಿಗ್ಗರ್ ಅಂದ್ರೆ ತಲೆನೋವಿಲ್ಲ, ಹೆಚ್ಚು ಕಮ್ಮಿ ಎಲ್ಲ ಶೋಲೂ ಇರುತ್ತೆ. ಯಾಕಂದ್ರೆ ಅದು ಒಂದಲ್ಲ, ಅದೇ ಹೆಸ್ರಲ್ಲಿ ಅದೇ ಬಣ್ಣದಲ್ಲಿ ಹಲವು ಇವೆ, ಒಂದೊಂದಕ್ಕೂ ಬೇರೆ ಡ್ರೈವರ್. ದೊಡ್ಡ ಮಗನಿಗೆ ಇದು ಗೊತ್ತಾಗಿ ಮೋಸ ಅಂತ ಗಲಾಟೆ ಮಾಡಿದ, ಆಗ ಮಾವನವ್ರೇ ಸಮಾಧಾನ ಮಾಡಿದ್ದು, ದೇವ್ರು ಒಬ್ನೇ ಕಣೋ ಉತ್ಸವಮೂರ್ತಿ ಊರಿಗೊಂದು ಅಂತ. ಈಗ ಅವ್ನು ಅದನ್ನೇ ಸ್ಕೂಲಲ್ಲಿ ಇಂಗ್ಲಿಷಲ್ಲಿ ಹೇಳ್ಕೊಂಡು ಓಡಾಡ್ತಾನೆ.

ಸದ್ದು: ಹೌದು, ಅಷ್ಟೊಂದು ಇರುತ್ತೆ. 1,500 ಹಾರ್ಸ್‌ಪವರ್ ಇಂಜಿನ್, ಸೂಪರ್‌ಚಾರ್ಜರ್, ಮೆಥನಾಲ್ ಹಾಕಿ ಓಡ್ಸೋದು, ಸೈಲೆನ್ಸರ್ ಅನ್ನೋ ಮಾತೇ ಇಲ್ಲ. ಕಿವೀಲಲ್ಲ ಎದೇಲಿ ಕೇಳ್ಸುತ್ತೆ. 85 ಡೆಸಿಬಲ್ ಮೇಲೆ ಹೊತ್ತು ಕೂತ್ರೆ ಕಿವಿಗೆ ಏಟು ಅಂತಾರಲ್ಲ, ಇದು ಅದನ್ನ ಆರಾಮಾಗಿ ದಾಟುತ್ತೆ. ಎಲ್ರಿಗೂ ಇಯರ್‌ಮಫ್ ಬೇಕು, ಮ್ಯೂಸಿಕ್ ಕೇಳೋ ಹೆಡ್‌ಫೋನ್ ಅಲ್ಲ, ಸದ್ದು ತಡೆಯೋಕೆ ಅಂತಲೇ ಮಾಡಿರೋದು. ಪುಟ್ಟ ಮಕ್ಳಿಗೆ ಸ್ಪಂಜ್ ಥರದ ಪ್ಲಗ್ ಬೇಡ, ಕಿತ್ತು ಬಾಯಿಗೆ ಹಾಕ್ಕೊಳ್ತವೆ. ಒಂದು ವಾರ ಮುಂಚೆ ತಂದು ಮನೇಲಿ ಹಾಕ್ಸಿ ಅಭ್ಯಾಸ ಮಾಡ್ಸಿ, ಇಲ್ಲಾಂದ್ರೆ ಅಲ್ಲಿ ಕಿತ್ತೆಸೀತಾರೆ. ಅಪ್ಪನವ್ರು ಮಷೀನ್ ತೆಗ್ದು ಜೇಬಲ್ಲಿಟ್ಟು ಮಫ್ ಹಾಕ್ಲಿ. ನಂಗೆ ಹೆಂಗೂ ಕೇಳಲ್ಲ ನಂಗ್ಯಾಕೆ ಅಂತಾರೆ ನೋಡಿ, ಬಿಡ್ಬೇಡಿ, ಉಳಿದಿರೋದನ್ನ ಉಳಿಸ್ಕೋಬೇಕಲ್ಲ.

ಸೀಟು ಮುಂದೆ ತಗೋಬೇಡಿ. ದುಡ್ಡು ಜಾಸ್ತಿ, ಮಣ್ಣು ಮೈಮೇಲೆ, ಆ ಕಡೆ ಮೂಲೇಲಿ ನಡೆಯೋದು ಕಾಣಲ್ಲ. ದೊಡ್ಡ ಸ್ಟೇಡಿಯಂ ಆದ್ರೆ ಮಧ್ಯದ ಭಾಗದಲ್ಲಿ ಸ್ವಲ್ಪ ಮೇಲೆ ಕೂತ್ರೆ ಇಡೀ ಟ್ರ್ಯಾಕ್ ತಟ್ಟೇಲಿಟ್ಟಂಗೆ ಕಾಣುತ್ತೆ.

ಕಾಫಿಪುಡಿ:

ಎಲ್ರೂ ಹೋಗಿ ಹೋಗಿ ಅಂತಾರೆ, ನಾನೊಬ್ಳು ಬೇಡ ಅನ್ನೋಳು ಇರ್ಲಿ. ಎಂಟು ತಿಂಗಳ ಮಗುನ ದಯವಿಟ್ಟು ಕರ್ಕೊಂಡು ಹೋಗ್ಬೇಡಿ. ನಾವು ಹೋದೆವು, ಹತ್ತು ತಿಂಗಳ ಮಗು ಜೊತೆ, ಡಲ್ಲಾಸಲ್ಲ, ಬೇರೆ ಊರು, ಚಿಕ್ಕ ಒಳಾಂಗಣ. ಆನ್‌ಲೈನಲ್ಲಿ ತರ್ಸಿದ ಮಫ್ ತಲೆಗೆ ಸರಿಯಾಗಿ ಕೂರಲೇ ಇಲ್ಲ, ಒಂದ್ ಕಡೆ ಒತ್ತಿದ್ರೆ ಇನ್ನೊಂದ್ ಕಡೆ ಏಳುತ್ತೆ. ಮೊದಲನೇ ಟ್ರಕ್ ಸ್ಟಾರ್ಟ್ ಆಗಿದ್ದೇ ಅವಳು ಮೈಯೆಲ್ಲ ಬಿಗಿ ಮಾಡ್ಕೊಂಡು ಉಸ್ರು ಹಿಡ್ಕೊಂಡ್ಬಿಟ್ಳು. ಅದ್ರ ಮೇಲೆ ಹೊಗೆ ವಾಸನೆ, ಕಣ್ಣುರಿ. ನಾನು ಹೊರಗೆ ಓಡಿದವಳು ಪೂರ್ತಿ ಶೋ ಕಾರಿಡಾರಲ್ಲಿ, ಪಾಪ್‌ಕಾರ್ನ್ ಅಂಗಡಿ ಪಕ್ಕ ನಿಂತಿದ್ದೆ. ಟಿಕೆಟ್ ದುಡ್ಡು ಕೊಟ್ಟು ಗೋಡೆ ನೋಡಿ ಬಂದೆ.

ನನ್ ಲೆಕ್ಕದಲ್ಲಿ ಮೂರು ವರ್ಷದ ಒಳಗಿನ ಮಕ್ಳಿಗೆ ಇದು ಅಲ್ವೇ ಅಲ್ಲ. ಐದು ವರ್ಷದವನಿಗೆ ಸರಿ, ಆದ್ರೆ ಅವ್ನೂ ಮೊದ್ಲು ಹತ್ತು ನಿಮಿಷ ಹೆದರ್ಬಹುದು, ಟೀವೀಲಿ ನೋಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಜೊತೆಗೆ ಒಂದು ಗೊಣಗಾಟ. ಅಲ್ಲಿ ಒಳಗೆ ಒಂದು ಟ್ರಕ್ ಆಕಾರದ ಲೋಟದಲ್ಲಿ ಬಣ್ಣದ ಐಸ್ ತುರಿ ಕೊಟ್ಟು ಅದಕ್ಕೆ ಹೇಳಿದ ರೇಟು ಕೇಳಿ ನಮ್ ಯಜಮಾನ್ರು ಅದನ್ನ ಇವತ್ತಿಗೂ ಶೋಕೇಸಲ್ಲಿ ಇಟ್ಟಿದ್ದಾರೆ, ಬೆಳ್ಳಿ ಲೋಟದ ಪಕ್ಕ.

ಹುಬ್ಬಳ್ಳಿಯಾಂವ:

ಅಕ್ಕಾರ, ನಿಮ್ಮ ಅಪ್ಪಾರನ್ನ ಬಿಟ್ಟು ಹೋದ್ರ ಪಾಪ ಹತ್ತತೈತಿ ನೋಡ್ರಿ. 34 ವರ್ಷ ಗಾಡಿ ಕೆಳಗ ಮಲಗಿದ ಮನಷ್ಯಾರಿಗೆ ತೋರಸ್ಲಿಲ್ಲಂದ್ರ ಇನ್ಯಾರಿಗೆ ತೋರಸ್ತೀರಿ.

ನಾ ಮೊದ್ಲ ಸಲ ಹೋದಾಗ ನಂಗ ಅನಸಿದ್ದು, ಇದು ನಮ್ಮ ಕಡೆ ಜಾತ್ರ್ಯಾಗ ಟ್ರ್ಯಾಕ್ಟರ್ ರಿವರ್ಸ್ ಹೊಡಿಯೋ ಸ್ಪರ್ಧೆ ಇಡ್ತಾರಲ್ಲ, ಟ್ರೇಲರ್ ಸಮೇತ ಹಿಂದ ಹಿಂದ ಓಡಸೋದು, ಅದರ ದೊಡ್ಡಣ್ಣ ಅಂತ. ಅದೇ ಮಣ್ಣು, ಅದೇ ಸಿಳ್ಳೆ, ಅದೇ ಮೈಕಿನ್ಯಾಗ ಒಬ್ಬಾಂವ ಗಂಟ್ಲ ಹರಕೊಳ್ಳೋದು. ಫರಕ ಅಂದ್ರ ನಮ್ಮಲ್ಲಿ ಗೆದ್ದಾಂವಗ ಗುಲಾಲ ಎರಚ್ತಾರ, ಇಲ್ಲಿ ನಂಬರ್ ಕೊಡೋದು ಜನಾನ, ಕುಂತಲ್ಲೇ ಫೋನಿನ್ಯಾಗ ಹತ್ತರ ಒಳಗ ಎಷ್ಟು ಅಂತ ಒತ್ತೋದು. ಮಗನ ಕೈಯಾಗ ಫೋನ್ ಕೊಡ್ರಿ, ನಮ್ಮಾಂವ ಎಲ್ಲಾರಿಗೂ ಹತ್ತಕ್ಕ ಹತ್ತು ಕೊಟ್ಟ, ಬಿದ್ದಾವಗೂ ಹತ್ತು.

ಮತ್ತ ಈ ಆಟದ ಹುಟ್ಟೂ ಹಂಗ ಐತ್ರಿ, ಭಾರಿ ಕಂಪನಿ ಹುಟ್ಟಿಸಿದ್ದಲ್ಲ. ಬಾಬ್ ಚಾಂಡ್ಲರ್ ಅಂತ ಮಿಸೌರಿ ಕಡೆಯಾಂವ, ಗಾಡಿ ಸಾಮಾನಿನ ಅಂಗಡಿ ಇಟ್ಕೊಂಡಾಂವ, ತನ್ನ 1974ರ ಫೋರ್ಡ್ ಗಾಡಿಗೆ ದೊಡ್ಡ ಗಾಲಿ, ಇನ್ನೂ ದೊಡ್ಡ ಗಾಲಿ ಹಾಕ್ಕೋಂತ ಹೋಗಿ, 1981ರಾಗ ಒಂದು ಹೊಲದಾಗ ಗುಜರಿ ಕಾರ ಮ್ಯಾಲೆ ಹತ್ತಿಸಿ ನೋಡಿದ. ಅದ ಬಿಗ್‌ಫುಟ್. ಮುಂದಿನ ವರ್ಷ ಡೆನ್ನಿಸ್ ಆಂಡರ್ಸನ್ ಅಂತ ನಾರ್ತ್ ಕ್ಯಾರೊಲಿನಾದಾಂವ ಹಳೇ ಫೋರ್ಡ್ ಗಾಡಿ ತಗೊಂಡು ಗ್ರೇವ್ ಡಿಗ್ಗರ್ ಕಟ್ಟಿದ. ಹೊಸ ಗಾಡಿ ಇದ್ದ ಮಂದಿ ಇವನ ಗುಜರಿ ನೋಡಿ ನಕ್ಕಾಗ, ಇದರಾಗ ನಿಮ್ಮ ಗೋರಿ ತೋಡ್ತೇನಿ ಅಂದಿದ್ದಕ್ಕ ಆ ಹೆಸರು ಬಂತು ಅಂತಾರ. ಈಗ ಅವನ ಮಕ್ಕಳೂ ಓಡಸ್ತಾರ, ಮಗಳು ಕ್ರಿಸ್ಟನ್ 2017ರಿಂದ ಅಪ್ಪನ ಗಾಡೀನ ಹಿಡದಾಳ. ನಿಮ್ಮ ಸಣ್ಣಾಕಿ ಮನ್ಯಾಗ ಇರಲಿ ಬಿಡ್ರಿ ಈ ಸಲ, ದೊಡ್ಡಾಕಿ ಆದ ಮ್ಯಾಲೆ ಬರ್ತಾಳ.

ಊಟ: ಒಳಗ ಹೊರಗಿನ ಊಟ ಬಿಡೂದಿಲ್ಲ, ಚೀಲನೂ ಪಾರದರ್ಶಕ ಇರಬೇಕು. ಕಾರಿನ್ಯಾಗ ಬುತ್ತಿ ಇಡ್ರಿ, ಪಾರ್ಕಿಂಗ್ನ್ಯಾಗ ಡಿಕ್ಕಿ ತಗದು ಬಿಡಿಸಿ ಉಣ್ರಿ. ನಾವು ಚಪಾತಿ, ಶೇಂಗಾ ಚಟ್ನಿ ಒಯ್ದಿದ್ವಿ, ಬಾಜೂ ಗಾಡಿ ಅಮೆರಿಕದಾಂವ ಎರಡು ತಿಂದು ಮ್ಯಾಲೆ ನೀರು ಕೇಳಿದ.

ಹಾಸನದ್ಹುಡ್ಗಿ:

ಅಯ್ಯೋ ಎಷ್ಟೊಂದು ಹೇಳಿದ್ರಿ, ಥ್ಯಾಂಕ್ಸ್. ಮಗನ್ನ ಕೇಳಿದೆ, ಗ್ರೇವ್ ಡಿಗ್ಗರ್ ಮತ್ತೆ ಮೆಗಲೊಡಾನ್ ಅಂದ, ಬಚಾವ್. ಅಮ್ಮ ಮಗು ಇಬ್ರೂ ಮನೇಲಿ ಅಂತ ಡಿಸೈಡ್ ಆಯ್ತು, ಅಮ್ಮಂಗಂತೂ ಜೀವ ಬಂತು. ಅಪ್ಪನ್ನ ಕೇಳಿದ್ರೆ ನಂಗ್ಯಾಕಮ್ಮ ಅಂತಾರೆ, ಆದ್ರೆ ನಿನ್ನೆ ರಾತ್ರಿ ಮೊಮ್ಮಗನ ಟ್ರಕ್ ಒಂದನ್ನ ಕನ್ನಡಕ ಹಾಕ್ಕೊಂಡು ತಿರುಗ್ಸಿ ತಿರುಗ್ಸಿ ನೋಡ್ತಿದ್ರು. ಪಿಟ್ ಪಾರ್ಟಿ ಬಗ್ಗೆ ಯಾರೂ ಹೇಳ್ಲಿಲ್ಲ. ಬಿದ್ರೆ ಏನ್ ಗತಿ ಅನ್ನೋದಕ್ಕೂ.

ಬಸವನಗುಡಿ560004:

ಇಲ್ಲಿ ಬೆಂಗ್ಳೂರಲ್ಲಿ ಇದಕ್ಕೆಲ್ಲ ಟಿಕೆಟ್ ಬೇಕಾಗಿಲ್ಲ, ಮಳೆ ಬಂದ್ಮೇಲೆ ಯಾವ್ದಾದ್ರೂ ರಸ್ತೆಗೆ ಬನ್ನಿ, ಹಂಪು ಗುಂಡಿ ಮಣ್ಣಿನ ಗುಡ್ಡೆ ಎಲ್ಲ ಫ್ರೀ. ಸಾರಿ, ತಡ್ಕೊಳ್ಳಕ್ಕಾಗ್ಲಿಲ್ಲ, ಮುಂದುವರ್ಸಿ.

ಗೇರ್‌ಬಾಕ್ಸ್:

ಪಿಟ್ ಪಾರ್ಟಿ ತಗೊಳ್ಳಿ, ಅದೂ ನಿಮ್ ತಂದೆ ಬರೋದಾದ್ರೆ ಎರಡನೇ ಯೋಚ್ನೆ ಬೇಡ. ಅದೊಂದೇ ಟಿಕೆಟ್ ಇದ್ರೆ ಒಳಗೆ ಬಿಡಲ್ಲ, ಅದೇ ದಿನದ ಶೋ ಟಿಕೆಟ್ಟೂ ಇರ್ಬೇಕು. ಶೋಗೆ ಮುಂಚೆ ಟ್ರಕ್ಕೆಲ್ಲ ನಿಲ್ಸಿರ್ತಾರೆ, ಹತ್ರ ಹೋಗಿ ಫೋಟೋ ತೆಗಿಬಹುದು, ಡ್ರೈವರ್‌ಗಳು ಸಹಿ ಹಾಕ್ತಾರೆ. ಗ್ರೇವ್ ಡಿಗ್ಗರ್ ಸಾಲು ತಿರುಪತಿ ಸಾಲು, ಆದ್ರಿಂದ ಬಾಗಿಲು ತೆಗ್ದ ತಕ್ಷಣ ಅಲ್ಲಿಗೇ ಹೋಗಿ, ಉಳಿದವು ಆಮೇಲೆ.

ನಿಮ್ ತಂದೆಯವ್ರಿಗೆ ತೋರಿಸ್ಬೇಕಾಗಿರೋದು: ಮೊದ್ಲು ಬಾಗಿಲು. ಹೊರಗಿಂದ ನೋಡೋಕೆ ಬಾಗಿಲಿದ್ದಂಗೆ ಬಣ್ಣ ಬಳಿದಿರ್ತಾರೆ, ತೆಗಿಯೋಕಾಗಲ್ಲ, ಇಡೀ ಬಾಡಿ ಫೈಬರ್‌ಗ್ಲಾಸಿಂದು, ಒಳಗಿರೋದು ಕೊಳವೆ ಬೆಸೆದ ಪಂಜರ. ಡ್ರೈವರ್ ಹತ್ತೋದು ಗಾಡಿ ಹೊಟ್ಟೆ ಕೆಳಗಿಂದ. ಕೂರೋದು ನಟ್ಟ ನಡುವೆ, ಇಂಜಿನ್ ಬೆನ್ನ ಹಿಂದೆ. ಮುಂದಿನ ಚಕ್ರಕ್ಕೆ ಸ್ಟೀರಿಂಗು, ಹಿಂದಿನ ಚಕ್ರ ತಿರುಗ್ಸೋಕೆ ಕೈ ಹತ್ರ ಒಂದು ಪುಟ್ಟ ಸ್ವಿಚ್ಚು, ಬುಗುರಿ ಥರ ಗಿರಗಿರ ಸುತ್ತೋದು ಅದ್ರಿಂದಾನೇ ಸಾಧ್ಯ. ತೂಕ ಐದು ಟನ್ ಮೇಲೆ, ಅದು ಮೂವತ್ತು ಅಡಿ ಮೇಲಿಂದ ಬಿದ್ರೂ ಎದ್ದು ಓಡುತ್ತೆ ಅಂದ್ರೆ ಶಾಕ್ ಅಬ್ಸಾರ್ಬರ್ ನೋಡ್ಬೇಕು, ನೈಟ್ರೋಜನ್ ತುಂಬಿರೋದು.

ಟೈರ್ 66 ಇಂಚು ಎತ್ತರ, 43 ಇಂಚು ಅಗಲ. ಅಂದ್ರೆ ಐದೂವರೆ ಅಡಿ, ನಮ್ ಮನೇಲಿ ನಾನೊಬ್ನೇ ಅದಕ್ಕಿಂತ ಎತ್ತರ. ಹಿಂದೆಲ್ಲ ಹೊಲಕ್ಕೆ ಗೊಬ್ಬರ ಚೆಲ್ಲೋ ಯಂತ್ರದ ಟೈರ್ ತಂದು ಕೈಯಲ್ಲೇ ಕೆತ್ತಿ ತೂಕ ಇಳ್ಸಿ ಹಾಕ್ತಿದ್ರು. ಈಗ 2014ರಿಂದ ಮಾನ್‌ಸ್ಟರ್ ಜ್ಯಾಮ್‌ಗೆ ಅಧಿಕೃತವಾಗಿ ಟೈರ್ ಕೊಡೋದು ಬಿಕೆಟಿ, ಬಾಲಕೃಷ್ಣ ಇಂಡಸ್ಟ್ರೀಸ್, ನಮ್ ದೇಶದ ಕಂಪನಿ. ಇದನ್ನ ಅಪ್ಪನವ್ರಿಗೆ ಮುಂಚೇನೇ ಹೇಳ್ಬೇಡಿ.

ಭಯದ ವಿಷ್ಯ. ಅಮ್ಮ ಕೇಳಿದ್ದು ನಗೋ ಮಾತಲ್ಲ. 2013ರಲ್ಲಿ ಮೆಕ್ಸಿಕೋದ ಚಿವಾವಾದಲ್ಲಿ ಬೇರೆ ಯಾವ್ದೋ ಶೋಲಿ ಟ್ರಕ್ಕು ಜನರ ಮೇಲೆ ನುಗ್ಗಿ ಹಲವರು ಸತ್ರು. ಇಲ್ಲಿ ಪ್ರತಿ ಟ್ರಕ್ಕಿಗೂ ದೂರದಿಂದ ಇಂಜಿನ್ ಆಫ್ ಮಾಡೋ ರಿಮೋಟ್ ಇರುತ್ತೆ, ಟ್ರಕ್ ಬೋರಲು ಬಿದ್ರೆ ಅಥ್ವಾ ದಿಕ್ಕು ತಪ್ಪಿದ್ರೆ ಅಲ್ಲಿ ನಿಂತಿರೋ ಅಧಿಕಾರಿ ಗುಂಡಿ ಒತ್ತಿ ಆರಿಸ್ತಾನೆ. ಟ್ರ್ಯಾಕಿಗೆ ತೀರಾ ಅಂಟಿರೋ ಸಾಲುಗಳಲ್ಲಿ ಜನಾನ ಕೂರ್ಸಲ್ಲ. ಅಪಾಯ ಸೊನ್ನೆ ಅಂತ ನಾನು ಹೇಳಲ್ಲ, ಆದ್ರೆ ನಂಗೆ ಅಲ್ಲಿಗೆ ಹೋಗೋ ಹೈವೇನೇ ಜಾಸ್ತಿ ಭಯ.

ಹಾಸನದ್ಹುಡ್ಗಿ:

ಹೋಗಿ ಬಂದ್ವಿ! ಮೂರು ದಿನ ಆಯ್ತು, ಬರೀತೀನಿ ಬರೀತೀನಿ ಅಂತ ಈಗ ಕೂತೆ. ನಾನು, ಇವ್ರು, ಮಗ, ಅಪ್ಪ.

ಅಪ್ಪ ಬೆಳಿಗ್ಗೆ ಎಂಟಕ್ಕೇ ಶರ್ಟ್ ಇನ್ ಮಾಡಿ ಕೂತಿದ್ರು, ಇಂಟರ್‌ವ್ಯೂಗೆ ಹೋಗೋ ಥರ. ಪಾರ್ಕಿಂಗಲ್ಲಿ ಡಿಕ್ಕಿ ತೆಗ್ದು ಪುಳಿಯೋಗರೆ ತಿಂದ್ವಿ, ಪಕ್ಕದ ಕಾರಲ್ಲೂ ಪುಳಿಯೋಗರೆನೇ, ತಮಿಳ್ನವ್ರು, ಯಾರದು ಚೆನ್ನಾಗಿದೆ ಅಂತ ತೀರ್ಮಾನ ಆಗ್ಲಿಲ್ಲ.

ಪಿಟ್ ಪಾರ್ಟೀಲಿ ನಮ್ಮೆಜಮಾನ್ರು ಮಗನ ಜೊತೆ ಗ್ರೇವ್ ಡಿಗ್ಗರ್ ಸಾಲಲ್ಲಿ ನಿಂತ್ರು, ನಾನು ಅಪ್ಪನ ಹಿಂದೆ. ಅಪ್ಪ ಟ್ರಕ್ಕಿನ ಮುಂದೆ ನಿಂತು ಫೋಟೋ ಗೀಟೋ ಏನೂ ಕೇಳ್ಲಿಲ್ಲ, ಸೀದಾ ಕುಕ್ಕುರುಗಾಲಲ್ಲಿ ಕೂತು ಕೆಳಗೆ ಬಗ್ಗಿ ನೋಡಿದ್ರು. ಮಂಡಿ ನೋವು ಅಂತ ಮನೇಲಿ ದೇವ್ರ ಮುಂದೂ ಕೂರಲ್ಲ ಈ ಮನುಷ್ಯ. ಆಮೇಲೆ ಟೈರ್ ಹತ್ರ ಹೋಗಿ ಕೈಯಾಡಿಸ್ತಾ ಇದ್ದವ್ರು ನಿಂತ್ಬಿಟ್ರು. ಕನ್ನಡಕ ಹಾಕ್ಕೊಂಡ್ರು, ಓದಿದ್ರು, ತೆಗ್ದು ಒರಸಿ ಮತ್ತೆ ಹಾಕ್ಕೊಂಡು ಓದಿದ್ರು. "ಲೇ, ಇದು ನಮ್ ಸೋಮಣ್ಣನ ಟ್ರ್ಯಾಕ್ಟರಿಗೆ ಹಾಕಿರೋ ಟೈರ್ ಕಂಪ್ನಿ ಕಣೇ" ಅಂದ್ರು. ಗೇರ್‌ಬಾಕ್ಸ್ ಅವ್ರೇ, ನಾನು ಹೇಳಿರ್ಲಿಲ್ಲ, ನಿಮ್ ಮಾತು ಉಳಿಸ್ಕೊಂಡೆ. ಅಲ್ಲಿಂದ ಒಂದೊಂದು ಟ್ರಕ್ಕಿಗೂ ಹೋಗಿ ಟೈರ್ ಓದಿದ್ದೇ ಓದಿದ್ದು. ಒಬ್ಬ ಡ್ರೈವರ್ ಹತ್ರ ಗಾಳಿ ಎಷ್ಟು ಅಂತ ಕೈ ಸನ್ನೆ, ಇಂಗ್ಲಿಷು ಎರಡೂ ಸೇರ್ಸಿ ಕೇಳಿದ್ರು, ಅವ್ನು ಹೇಳಿದ್ದು ಬಸ್ ಟೈರಿಗಿಂತ ಎಷ್ಟೋ ಕಮ್ಮಿ, ಅಪ್ಪ ನಂಬ್ಲಿಲ್ಲ, ಅವ್ನು ನಕ್ಕು ಟೈರಿಗೆ ಒದ್ದು ತೋರಿಸ್ದ, ಅಪ್ಪನೂ ಒದ್ರು.

ಕಾಫಿಪುಡಿ ಹೇಳಿದಂಗೇ ಆಯ್ತು, ಮೊದಲ್ನೇ ಸದ್ದಿಗೆ ಮಗ ಅವನ ತಾತನ ತೊಡೆ ಹತ್ತಿ ಅವ್ರ ಕುತ್ಗೇಲಿ ಮುಖ ಇಟ್ಟ. ಮಫ್ ಮೇಲೆ ಅಪ್ಪ ತಮ್ ಎರಡು ಕೈಯನ್ನೂ ಇಟ್ಟು ಹಿಡ್ಕೊಂಡ್ರು. ಐದಾರು ನಿಮಿಷ ಆದ್ಮೇಲೆ ಒಂದು ಕಣ್ಣು ಆಚೆ ಬಂತು. ಆಮೇಲೆ ಇಳಿದವನು ಕೂರ್ಲೇ ಇಲ್ಲ.

ರೇಸಲ್ಲಿ ಅವನ ಮೆಗಲೊಡಾನ್ ಒಂದು ಹಾರಿ ಇಳಿದಿದ್ದೇ ಮುಂದಿನ ಚಕ್ರ ಸೊಟ್ಟಗಾಗಿ ನಿಂತೋಯ್ತು, ಎಳ್ಕೊಂಡು ಹೋದ್ರು. ಇವ್ನು ಬಿಕ್ಕಿ ಬಿಕ್ಕಿ ಅಳು. ನಮ್ಮೆಜಮಾನ್ರು ಐಸ್ ತುರಿ ಕೊಡಿಸ್ತೀನಿ ಅಂತ ಎದ್ರು (ಹೌದು, ಅದೇ ಲೋಟ, ಅದೇ ರೇಟು). ಅಪ್ಪ ಮಾತ್ರ, ಬ್ರೇಕ್‌ಡೌನ್ ಕಣಪ್ಪಾ, ಡಿಪೋಗೆ ಹೋಗಿದೆ, ರೂಟಿಗೆ ಬರುತ್ತೆ ಅಂದ್ರು. ನಂಗೆ ಕೋಪ ಬಂತು, ಯಾಕೆ ಸುಳ್ಳು ಆಸೆ ತೋರಿಸ್ತಾರೆ ಅಂತ. ಕೊನೇಲಿ ಫ್ರೀಸ್ಟೈಲ್‌ಗೆ (ಮನಸ್ಸಿಗೆ ಬಂದಂಗೆ ಹಾರ್ಸಿ ಕುಣಿಸೋ ಸುತ್ತು) ಅದು ಬಂತು! ಬಾಡಿ ಅರ್ಧ ಹರ್ಕೊಂಡಿತ್ತು, ಚಕ್ರ ನೆಟ್ಟಗಿತ್ತು. ಇಡೀ ಸ್ಟೇಡಿಯಂ ಕೂಗ್ತು, ಅಪ್ಪ ಎದ್ದು ನಿಂತ್ರು, ಪೂರ್ತಿ ಶೋಲಿ ಅವ್ರು ಎದ್ದಿದ್ದು ಅದೊಂದೇ ಸಲ. ನೋಡಿದ್ರೆ ಅವ್ರು ಟ್ರಕ್ ನೋಡ್ತಾನೇ ಇರ್ಲಿಲ್ಲ, ಟ್ರಕ್ ಆಚೆ ಬಂದ ಬಾಗಿಲ ಹತ್ರ ಎಣ್ಣೆ ಬಟ್ಟೇಲಿ ನಿಂತಿದ್ದ ನಾಲ್ಕು ಜನಾನ ನೋಡ್ತಿದ್ರು. ಕಾರಲ್ಲಿ ವಾಪಸ್ ಬರ್ತಾ ಅದೊಂದೇ ಗೊಣಗಾಟ, ಅಷ್ಟು ಬೇಗ ಆಕ್ಸಲ್ ರೆಡಿ ಮಾಡಿದವ್ರ ಹೆಸರು ಆ ಮೈಕಿನವ್ನು ಒಂದ್ಸಲನೂ ಹೇಳ್ಲಿಲ್ವಲ್ಲ ಅಂತ.

ಈಗ ಆ ಟೈರ್ ಫೋಟೋ ಅವ್ರ ಡಿಪೋ ರಿಟೈರ್ಡ್ ಗ್ರೂಪಲ್ಲಿ ಓಡ್ತಿದೆ. ಅಲ್ಲಿ ಯಾರೋ ಕೇಳಿದಾರಂತೆ, ಇದು ಸವೆದ್ರೆ ಮೇಲೆ ಹೊಸ ರಬ್ಬರ್ ಹಾಕ್ಸಿ ರೀಟ್ರೆಡ್ ಮಾಡಿಸ್ತಾರಾ ಇಲ್ಲ ಬಿಸಾಕ್ತಾರಾ ಅಂತ. ಬೆಳಿಗ್ಗೆಯಿಂದ ನನ್ ತಲೆ ತಿಂತಿದ್ದಾರೆ. ಗೇರ್‌ಬಾಕ್ಸ್ ಅವ್ರೇ, ಗೊತ್ತಿದ್ರೆ ಬೇಗ ಹೇಳಿ, ಊಟಕ್ಕೆ ಕೂತಿದ್ದಾರೆ, ಎದ್ದ ತಕ್ಷಣ ಮತ್ತೆ ಕೇಳ್ತಾರೆ.